ಇಟ್ಟಿಗೆ ಹೊತ್ತವಳಿಗೆ ಸೊನ್ನೆ

ಈಗ ಭೌತಶಾಸ್ತ್ರ ಕಲಿಸಲು ಹೊರಟಿರುವ ಹುಡುಗಿಯರು ನಮ್ಮ ಮನೆಗೆ ಬಂದರೆ, ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಫೋನು ತೆಗೆದು ತೋರಿಸುತ್ತಾರೆ. "ನೋಡಿ ಆಂಟಿ, ಲಗೋರಿ ಆಡಿಸಿ ಆವೇಗ ಕಲಿಸ್ತೀವಿ, ಗಾಳಿಪಟ ಹಾರಿಸಿ ಬಲ ಕಲಿಸ್ತೀವಿ. ಎಲ್ಲ ನಮ್ಮ ಸಂಸ್ಕೃತಿಯ ಆಟಗಳು. ಈಗ ಇದೇ ಹೊಸದು!" ನಾನು ಹೂಂ ಎನ್ನುತ್ತೇನೆ. ಹೊಸದಲ್ಲ ಕಣ್ರೇ ಎಂದು ಅವರ ಉತ್ಸಾಹಕ್ಕೆ ತಣ್ಣೀರು ಎರಚುವುದೇಕೆ? ಆದರೆ ಆ ತೆರೆ ನೋಡುತ್ತಿದ್ದಂತೆ ನನ್ನ ಕಣ್ಣಿನ ಮುಂದೆ ಒಬ್ಬ ಹೆಂಗಸು ಇಟ್ಟಿಗೆ ಹೊತ್ತು ಎಡದಿಂದ ಬಲಕ್ಕೆ ನಡೆದು ಹೋಗುತ್ತಾಳೆ. ಅವಳ ನೆತ್ತಿಯ ಮೇಲೆ ಒಂದು ಸೊನ್ನೆ. ಆ ಸೊನ್ನೆಯಿಂದ ಒಬ್ಬ ಹುಡುಗಿಯ ಓದು ನಿಂತೇಹೋಗುವುದರಲ್ಲಿತ್ತು. ಬರೆಯುವುದಾದರೆ ಅದನ್ನೇ ಬರೆಯಬೇಕು. ನಾನು ಯಾವಾಗ ಖಾಯಂ ಆದೆ, ಯಾವಾಗ ಮುಖ್ಯ ಶಿಕ್ಷಕಿಯಾದೆ ಎಂಬುದರಿಂದ ನಿಮಗೆ ಕವಡೆಯ ಪ್ರಯೋಜನವಿಲ್ಲ.

ನಾನು ಮೂಲತಃ ಮನೆವಾರ್ತೆಯವಳು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಮುಂಬೈಯ ಮುಲುಂಡಿಗೆ ಬಂದವಳಿಗೆ ಒಲೆ, ದೇವರಮನೆ, ಮಕ್ಕಳು ಇಷ್ಟೇ ಪ್ರಪಂಚ. ಕಿರಿಯವನು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಘಾಟ್ಕೋಪರಿನ ಕನ್ನಡ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರೊಬ್ಬರು ಇದ್ದಕ್ಕಿದ್ದಂತೆ ಕೆಲಸ ಬಿಟ್ಟರು. "ಡಿಗ್ರಿ ಪೆಟ್ಟಿಗೇಲಿ ಇಟ್ಕೊಂಡು ಏನು ಪೂಜೆ ಮಾಡ್ತೀಯ?" ಎಂದು ನಮ್ಮ ಮನೆಯವರೇ ಕಳಿಸಿದರು. ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಊಟದ ಡಬ್ಬಿ ಕಟ್ಟಿ, ಲೋಕಲ್ ರೈಲು ಹಿಡಿಯುವುದು ಕಲಿತೆ. ನಂಜುಂಡನ ದಯೆ, ಲೇಡೀಸ್ ಡಬ್ಬಿಯಲ್ಲಿ ಒಂದು ದಿನವೂ ಕೆಳಗೆ ಬೀಳಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ದಾನಿಯೊಬ್ಬರು ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಕೊಟ್ಟರು. ಅದನ್ನು ಮೊದಲು ನೋಡಿದಾಗ ಟೈಪ್‌ರೈಟರಿಗೆ ಟಿವಿ ಅಂಟಿಕೊಂಡಿದೆ ಎಂದುಕೊಂಡೆ. ಅದಕ್ಕೆ ಪಾಠ ತುಂಬಬೇಕಾದರೆ ಟೇಪ್‌ರೆಕಾರ್ಡರ್ ಹಾಕಬೇಕು. ಹಾಕಿದರೆ ಪದವೂ ಇಲ್ಲ, ರಾಗವೂ ಇಲ್ಲ, ಬರೀ ಕಿರುಚಾಟ. ನಮ್ಮ ಶಾಲೆಯ ಜವಾನ ಕಿವಿ ಮುಚ್ಚಿಕೊಂಡು, "ಅಂದರ್ ಬಿಲ್ಲಿ ಅಟಕ್ ಗಯೀ ಕ್ಯಾ, ಬಾಯಿ?" ಎಂದು ಕೇಳಿದ. ಒಳಗೆ ಬೆಕ್ಕು ಸಿಕ್ಕಿಕೊಂಡಿದೆಯೆಂದು ನನಗೂ ಅನುಮಾನ.

ಆ ಯಂತ್ರವನ್ನು ನಡೆಸಲು ಶನಿವಾರ ಶನಿವಾರ ಬರುತ್ತಿದ್ದವರು ಪದ್ಮನಾಭ ಎಂಬ ತರುಣ. ಮಂಗಳೂರು ಕಡೆಯವರು, ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದರು. ದಾದರಿನಲ್ಲಿ ಗಾಡಿ ಬದಲಾಯಿಸಿ, ಬೆವರು ಒರೆಸಿಕೊಳ್ಳುತ್ತ ಬಂದು, ಒಂದು ಬಿಡಿಕಾಸು ಮುಟ್ಟದೆ ನಮಗಾಗಿ ಆಟಗಳನ್ನು ಬರೆದುಕೊಡುತ್ತಿದ್ದರು.

"ಇಂಗ್ಲಿಷಿನ ಗೇಮು ಬೇಡ ಟೀಚರ್," ಎಂದರು. "ಅದರಲ್ಲಿ ರಾಕೆಟಿಗೆ ಗುಂಡು ಹೊಡಿಲಿಕ್ಕುಂಟು ಅಷ್ಟೆ. ಈ ಮಕ್ಕಳು ಚಾಳಿನ ವಠಾರದಲ್ಲಿ, ಗಲ್ಲಿಯಲ್ಲಿ ಎಂತ ಆಡ್ತಾರೋ ಅದನ್ನೇ ಮಾಡುವ. ಫಿಸಿಕ್ಸ್ ಅದರೊಳಗೇ ಉಂಟು ಮಾರಾಯ್ರೆ."

ಶಾಲೆಯಲ್ಲಿ ಆಟವೆ ಎಂದು ನಾನು ದಂಗಾದೆ. ನಮ್ಮ ಕಾಲದಲ್ಲಿ ಪಾಠದ ಹೊತ್ತಿನಲ್ಲಿ ನಕ್ಕರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಅವರ ಮೊದಲ ಆಟ ಗೋಕುಲಾಷ್ಟಮಿಯ ಮೊಸರು ಗಡಿಗೆ. ಕೆಳಗಿನ ಸಾಲಿನಲ್ಲಿ ಎಷ್ಟು ಜನ, ಅದರ ಮೇಲೆ ಎಷ್ಟು ಜನ ಎಂದು ಮಕ್ಕಳು ಗುಂಡಿ ಒತ್ತಿ ಹೇಳಬೇಕು. ತಳ ಕಿರಿದಾದರೆ ಗೋಪುರ ವಾಲುತ್ತದೆ. ಗುರುತ್ವಕೇಂದ್ರದ ಪಾಠ. ನಾನು ಭಕ್ತಿಯಿಂದ ಕೈಮುಗಿದು ಮೊದಲ ಗುಂಡಿ ಒತ್ತಿದೆ. ಮೇಲೆ ನಿಂತಿದ್ದ ಪುಟ್ಟ ಆಕೃತಿ ತಲೆಕೆಳಗಾಗಿ ಬಿತ್ತು. ಯಂತ್ರ ಬೇರೆ ಪೀಂ ಎಂದು ಅಣಕಿಸಿತು.

"ಅಯ್ಯಯ್ಯೋ! ಕೃಷ್ಣನ್ನ ಬೀಳಿಸಿಬಿಟ್ರಲ್ಲ!" ಎಂದೆ.

"ಅದು ಕೃಷ್ಣ ಅಲ್ಲ ಟೀಚರ್. ಗೋವಿಂದ."

"ಗೋವಿಂದ ಮತ್ಯಾರು ರೀ?"

ಮುಂಬೈಯಲ್ಲಿ ಗಡಿಗೆ ಒಡೆಯುವ ಹುಡುಗರನ್ನೆಲ್ಲ ಗೋವಿಂದ ಎಂದೇ ಕರೆಯುತ್ತಾರೆ. ಅದು ಪದ್ಮನಾಭರಿಗೆ ಎಷ್ಟು ರೂಢಿಯಾಗಿತ್ತೆಂದರೆ ಆ ಹೆಸರು ಯಾರದ್ದೆಂದೇ ಮರೆತುಹೋಗಿತ್ತು. ಮುಂದಿನ ಶನಿವಾರ ಬಂದಾಗ, ಬಿದ್ದ ಗೋವಿಂದನನ್ನು ಕೆಳಗಿನವರು ಕೈಚಾಚಿ ಹಿಡಿಯುವಂತೆ ಮಾಡಿಕೊಂಡು ಬಂದಿದ್ದರು. ಪಾಠಕ್ಕೂ ಕುಂದಿಲ್ಲ, ದೇವರಿಗೂ ಪೆಟ್ಟಿಲ್ಲ. ಅಷ್ಟು ಸಿಕ್ಕಿದರೆ ಸಾಕು ಎನ್ನುವವಳು ನಾನು.

ಎರಡನೆಯದು ಕೇರಂ. ಕಂಪ್ಯೂಟರಿಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲ. ಕನ್ನಡ ಮಾತನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಿದ್ದೆವು. ಸ್ಟ್ರೈಕರನ್ನು ಹೊಡೆಯುವ ಮೊದಲು ತೆರೆಯ ಮೇಲೆ "ಬಲ ಹೆಚ್ಚಿಸಿ" ಎಂದು ಬರುತ್ತಿತ್ತು. ಅಂಕಿ ಒತ್ತಿದರೆ ಹೊಡೆತ ಜೋರಾಗಬೇಕು. ನೋಡಿದರೆ ತರಗತಿಗೆ ತರಗತಿಯೇ ಸ್ಟ್ರೈಕರನ್ನು ಬಲಗಡೆಗೆ ನೂಕುತ್ತಿದೆ! ನೂಕಿ ನೂಕಿ ಮೂಲೆಗೆ ತಂದು, "ಮಿಸ್, ಬಲ ಹೆಚ್ಚಿಸಿದ್ವಿ, ಕಾಯಿ ಹಿಲ್ತಾನೇ ಇಲ್ಲ" ಎಂದು ದೂರು. ನನಗೆ ತಲೆಬುಡ ತಿಳಿಯಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ಅಕ್ಕೋರ, ಇವ್ರು ಎಡಾ-ಬಲಾದ ಬಲ ಅಂದ್ಕೊಂಡಾರ್ರಿ."

ಅವಳೇ ನೀಲವ್ವ. ವಿಜಯಪುರದ ಕಡೆಯಿಂದ ಬಂದು ಮುಲುಂಡಿನ ಗುಡ್ಡದ ಬುಡದಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳ ಕೆಲಸಕ್ಕೆ ನಿಂತ ಕುಟುಂಬದವಳು. ಆ ಸೈಟಿನ ತಗಡಿನ ಗುಡಿಸಲುಗಳಿಂದ ಹೈಸ್ಕೂಲಿಗೆ ಬಂದ ಹೆಣ್ಣುಮಗು ಇವಳೊಬ್ಬಳೇ. ಬೆಳಗ್ಗೆ ನನ್ನ ಜೊತೆಗೇ ಲೋಕಲ್ ಹತ್ತುತ್ತಿದ್ದಳು. ಅವಳ ತಾಯಿ ಸಂಗವ್ವ ಸೈಟಿನಲ್ಲಿ ಇಟ್ಟಿಗೆ ಹೊರುವವಳು. ಮಗಳು ದೊಡ್ಡವಳಾದಳು, ಇನ್ನು ಕೆಲಸಕ್ಕೆ ಹಚ್ಚು ಎಂದು ಗಂಡನೂ, ಕೂಲಿಯಾಳುಗಳ ಮೇಸ್ತ್ರಿ ಮುಕಾದಮನೂ ಸಂಗವ್ವನ ಬೆನ್ನುಹತ್ತಿದ್ದರು. ಒಂದು ಬೆಳಗ್ಗೆ ಸ್ಟೇಷನ್ನಿನವರೆಗೆ ಬಂದು ಅವಳು ನನ್ನ ಕೈಹಿಡಿದು ಹೇಳಿದ್ದಳು: "ಇಕಿ ಹತ್ತನೇತ್ತಾ ಪರೀಕ್ಷಾ ಬರೀಬೇಕ್ರಿ ಅಕ್ಕೋರ. ನನ್ನ ತಲಿ ಮ್ಯಾಗಿನ ಸಿಂಬಿ ಇಕಿ ತಲಿಗಿ ಬರಬಾರದು. ನಿಮ್ಮ ಉಡಿಯಾಗ ಹಾಕೇನಿ." ಸಿಂಬಿ ಎಂದರೆ ಹೊರೆಯ ಕೆಳಗೆ ನೆತ್ತಿಯ ಮೇಲಿಡುವ ಬಟ್ಟೆಯ ಸುರುಳಿ. ಆ ಮಾತು ನನ್ನೊಳಗೆ ಕುಳಿತುಬಿಟ್ಟಿತು. ದಿನಾ ಸಂಜೆಯ ದೀಪಕ್ಕೆ ಎಣ್ಣೆ ಹಾಕುವಾಗ ಆ ಹುಡುಗಿಯ ಹೆಸರೂ ನಾಲಿಗೆಗೆ ಬರುತ್ತಿತ್ತು.

ಕೇರಂ ಆಟದಲ್ಲಿ "ಬಲ" ತೆಗೆದು "ಜೋರು" ಎಂದು ಹಾಕಿದೆವು. ಮುಂಬೈಯಲ್ಲಿ ಯಾವ ಭಾಷೆಯವರಿಗಾದರೂ ಜೋರು ಗೊತ್ತು. ಹೆಡ್‌ಮಾಸ್ಟರ್ ದೇಸಾಯಿ ಸರ್ ಧಾರವಾಡದವರು, ಕರಿ ಟೊಪ್ಪಿಗೆ ಹಾಕುತ್ತಿದ್ದ ಹಳೇ ಕಾಲದವರು. "ಏನ್ರೀ ಅಕ್ಕೋರ, ಶಾಸ್ತ್ರದ ಶಬ್ದ ಬಿಟ್ಟು ಸಂತ್ಯಾಗಿನ ಶಬ್ದ ತಂದ್ರ್ಯಲ್ಲ," ಎಂದು ಗೊಣಗಿದರು. ಆದರೆ ಮಕ್ಕಳು ಘರ್ಷಣೆ, ವೇಗ, ಬಲ ಎಲ್ಲವನ್ನೂ ಚಕಚಕನೆ ಹೇಳತೊಡಗಿದ್ದನ್ನು ಕಂಡು ಸುಮ್ಮನಾದರು. ನಮಗೂ ಧೈರ್ಯ ಬಂತು: ಪುಸ್ತಕದ ಮಾತಿಗಿಂತ ಮನೆಯ ಮಾತೇ ಮೇಲು.

ಆ ಧೈರ್ಯದಲ್ಲೇ ಮೂರನೆಯ ಆಟ ಹುಟ್ಟಿದ್ದು. ಪಾಠಪುಸ್ತಕದಲ್ಲಿ ಒಂದು ಶಬ್ದವಿತ್ತು, ಕಾರ್ಯ. ಬಲ ಹಾಕಿದ ದಿಕ್ಕಿನಲ್ಲೇ ವಸ್ತು ಸರಿದರೆ ಕಾರ್ಯ ನಡೆಯಿತೆಂದು ಲೆಕ್ಕ. ಹೊರೆಯನ್ನು ತಲೆಯ ಮೇಲೆ ಹೊತ್ತು ಮಟ್ಟಸವಾದ ನೆಲದಲ್ಲಿ ಎಷ್ಟೇ ನಡೆದರೂ ತಲೆ ಒತ್ತುವುದು ಮೇಲಕ್ಕೆ, ಹೊರೆ ಸರಿಯುವುದು ಮುಂದಕ್ಕೆ. ಆದ್ದರಿಂದ ಕಾರ್ಯ ಸೊನ್ನೆ. ಏಣಿ ಹತ್ತಿದರೆ ಮಾತ್ರ ಅಂಕಿ ಏರುತ್ತದೆ. ಇದನ್ನು ಹೇಳಲು ನಿಂತರೆ ನನಗೇ ಕಸಿವಿಸಿ. ನಮ್ಮ ಮನೆಯಲ್ಲಿ ಕಾರ್ಯ ಎಂದರೆ ಒಂದೋ ಮದುವೆ ಮುಂಜಿ, ಇಲ್ಲವೋ ವೈಕುಂಠ ಸಮಾರಾಧನೆ. "ಕಾರ್ಯ ಯಾವಾಗ ನಡೆಯುತ್ತದೆ?" ಎಂದು ಕೇಳಿದರೆ ಒಬ್ಬ ಹುಡುಗ ಎದ್ದು ನಿಂತು, "ಅಜ್ಜ ಹೋಗಿ ಹದಿಮೂರನೇ ದಿನ ಆಯ್ತು ಮಿಸ್, ವಡೆ ಮಾಡಿದ್ರು" ಎಂದ. ಇಡೀ ತರಗತಿ ಹೋ ಎಂದಿತು.

"ಇದು ಆಗ್ಲಿಕ್ಕಿಲ್ಲ," ಎಂದರು ಪದ್ಮನಾಭ. "ಜೋರಿನ ಹಾಗೆ ಇದಕ್ಕೂ ಒಂದು ಸುಲಭದ್ದು ಹೇಳಿ ಟೀಚರ್."

"ಕೆಲಸ ಅಂತ ಹಾಕಿ," ಎಂದೆ. ಅದಕ್ಕಿಂತ ಸುಲಭದ ಮಾತು ಕನ್ನಡದಲ್ಲಿ ಯಾವುದಿದೆ?

ಆಟದಲ್ಲಿ ಇಟ್ಟಿಗೆ ಹೊತ್ತ ಹೆಂಗಸೊಬ್ಬಳು ನಡೆಯಬೇಕು, ಅವಳು ಮಾಡಿದ ಕೆಲಸದ ಅಂಕಿ ನೆತ್ತಿಯ ಮೇಲೆ ಕಾಣಬೇಕು. ಅವಳ ಚಿತ್ರ ಸರಿಬರಲು ಪದ್ಮನಾಭರು ನೀಲವ್ವನನ್ನೇ ಪಕ್ಕದಲ್ಲಿ ಕೂರಿಸಿಕೊಂಡರು. "ಸಿಂಬಿ ಹಾಕ್ರಿ ಸರ್, ಇಲ್ಲಂದ್ರ ತಲಿ ಚುಚ್ಚತೈತಿ. ಕೈ ಹಿಂಗ ಅಲ್ಲ, ಒಂದ ಕೈ ಬಿಟ್ಟಿರ್ತಾರ. ಸೀರಿ ಹಸರ ಮಾಡ್ರಿ." ಚೌಕ ಚೌಕದ ಚುಕ್ಕಿಗಳಿಂದ ಮಾಡಿದ ಆ ಹೆಂಗಸು ನಡೆದಾಗ ಸೊಂಟ ಒಂದಿಷ್ಟು ಬಳುಕುತ್ತಿತ್ತು. ನೀಲವ್ವ ಚಪ್ಪಾಳೆ ತಟ್ಟಿದಳು. ಮುಂದೆ ಏನು ಕಾದಿದೆ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆ ಸೀರೆ ಅವಳ ತಾಯಿಯದು.

ದೀಪಾವಳಿ ಕಳೆದ ಮೇಲೆ ವಿಜ್ಞಾನ ಪ್ರದರ್ಶನ ಇಟ್ಟು ತಂದೆತಾಯಿಯರನ್ನು ಕರೆದೆವು. ನೀಲವ್ವ ಆಗ ಹತ್ತನೇ ತರಗತಿ. ಕಂಪ್ಯೂಟರಿನ ಮುಂದೆ ನಿಂತು ಆಟ ತೋರಿಸುವ ಜವಾಬ್ದಾರಿ ಅವಳದು. ಸಂಗವ್ವ ಅರ್ಧ ದಿನ ಕೆಲಸ ಬಿಟ್ಟು, ಮುಖ ತೊಳೆದು, ಅದೇ ಹಸಿರು ಸೀರೆ ಉಟ್ಟು ಬಂದಿದ್ದಳು. ಬಾಗಿಲಲ್ಲೇ ನಿಂತವಳನ್ನು ಕೈಹಿಡಿದು ಎಲ್ಲರ ಮುಂದೆ ಕರೆದುಕೊಂಡು ಹೋದವಳು ನಾನೇ.

ನೀಲವ್ವ ಗುಂಡಿ ಒತ್ತಿದಳು. ತೆರೆಯ ಮೇಲಿನ ಹೆಂಗಸು ನಡೆಯತೊಡಗಿದಳು. ಸಂಗವ್ವ ಒಮ್ಮೆ ತೆರೆ ನೋಡಿದಳು, ಒಮ್ಮೆ ತನ್ನ ಸೆರಗು ನೋಡಿಕೊಂಡಳು.

"ಯವ್ವಾ, ನನ್ನ ಹಂಗ ಐತಲ್ಲ!" ಎಂದು ನಾಚಿದಳು. ಆಮೇಲೆ ಆ ಹೆಂಗಸಿನ ನೆತ್ತಿಯ ಮೇಲೆ ಕಣ್ಣು ನಿಂತಿತು. ಅಕ್ಷರ ಬಾರದಿದ್ದರೂ ಸೊನ್ನೆ ಅವಳಿಗೆ ಚೆನ್ನಾಗಿ ಗೊತ್ತು. ಸೈಟಿಗೆ ಬಾರದವರ ಹೆಸರಿಗೆ ಮುಕಾದಮ ಹಾಕುವ ಗುರುತೇ ಅದು. "ಅಲ್ಲೇನ ಬರದೈತಿ ನೀಲಾ?"

ಹುಡುಗಿ ಹೆಮ್ಮೆಯಿಂದ, ಇಡೀ ಕೋಣೆಗೆ ಕೇಳುವಂತೆ ಓದಿದಳು. "ಕೆಲಸ ಸೊನ್ನೆ."

ಹಿಂದೆ ನಿಂತಿದ್ದ ಯಾರೋ ಒಬ್ಬ ತಂದೆ, "ಅರೇ ವಾ! ದಿನಭರ್ ಇಟ್ಟಿಗೆ ಹೊತ್ರೂ ಕಾಮ್ ಜೀರೋ! ಕಂಪ್ಯೂಟರ್ ಝೂಟ್ ಹೇಳೋದಿಲ್ಲ ಹಾಂ" ಎಂದರು. ಕೋಣೆಯಲ್ಲಿ ನಗೆ ಹಬ್ಬಿತು. ಸುಮ್ಮನೆ, ಕೆಟ್ಟ ಮನಸ್ಸಿಲ್ಲದ ನಗೆ. ಅಂಥದ್ದೇ ಹೆಚ್ಚು ಸುಡುವುದು.

ಸಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಯವ್ವಾ ತಡಿ, ಏಣಿ ಹತ್ತಸ್ತೀನಿ ನೋಡು, ಆವಾಗ..." ಎನ್ನುತ್ತಿದ್ದ ಮಗಳ ರಟ್ಟೆಯನ್ನು ಹಿಡಿದಳು. "ಇದನ್ನ ಕಲ್ಯಾಕ ಕಳಿಸಿದ್ನೇನ ನಿನ್ನ? ನಡಿ." ಅಷ್ಟೇ ಮಾತು. ಇಬ್ಬರೂ ಹೊರಟುಹೋದರು. ತೆರೆಯ ಮೇಲಿನ ಹೆಂಗಸು ಏಣಿಯ ಬುಡದಲ್ಲಿ ಇಟ್ಟಿಗೆ ಹೊತ್ತು ನಿಂತೇ ಇದ್ದಳು.

ಮರುದಿನ ಲೋಕಲಿನಲ್ಲಿ ನೀಲವ್ವ ಇಲ್ಲ. ಅದರ ಮರುದಿನವೂ ಇಲ್ಲ. ವಾರ ತುಂಬುವಷ್ಟರಲ್ಲಿ ನನಗೆ ಅನ್ನ ಸೇರದಂತಾಯಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮನೆಗೆ ಬಂದು, ದೇವರ ಮುಂದಿದ್ದ ತೆಂಗಿನಕಾಯಿ, ಅರಿಶಿನ ಕುಂಕುಮ ಚೀಲದಲ್ಲಿಟ್ಟುಕೊಂಡು ಸೈಟಿಗೆ ನಡೆದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಮಾತ್ರ ಗೊತ್ತಿತ್ತು.

ಸಿಮೆಂಟಿನ ಧೂಳಿನೊಳಗೆ ಹೆಂಗಸರ ಸಾಲು ಬರುತ್ತಿತ್ತು. ಕೊನೆಯವಳು ಎತ್ತರದ ಸಪೂರ ಹುಡುಗಿ. ಶಾಲೆಯ ನೀಲಿ ಸ್ಕರ್ಟಿನ ಮೇಲೆ ತಂದೆಯ ಅಂಗಿ, ನೆತ್ತಿಯ ಮೇಲೆ ಸಿಂಬಿ, ಅದರ ಮೇಲೆ ಇಟ್ಟಿಗೆ. ಒಂದು ಕೈ ಬಿಟ್ಟಿದ್ದಳು, ಅವಳೇ ಪದ್ಮನಾಭರಿಗೆ ಹೇಳಿಕೊಟ್ಟ ಹಾಗೆ. ಎಡದಿಂದ ಬಲಕ್ಕೆ ನಡೆಯುತ್ತಿದ್ದಳು. ನಾವು ಮಾಡಿದ ಆಟವೇ ನನ್ನ ಮುಂದೆ ನಡೆದು ಬರುತ್ತಿತ್ತು. ನನ್ನನ್ನು ಕಂಡು ಅವಳು ಕಣ್ಣು ತಗ್ಗಿಸಿದಳು. ತಲೆ ತಗ್ಗಿಸುವಂತಿರಲಿಲ್ಲ.

ಸಂಗವ್ವ ಸಿಟ್ಟು ಮಾಡಲಿಲ್ಲ. ಒಂದು ಹಲಗೆಯ ಧೂಳು ಕೊಡವಿ ಕೂರಿಸಿ ನೀರು ಕೊಟ್ಟಳು. ಅದಕ್ಕೆ ನನಗೆ ಇನ್ನಷ್ಟು ಸಂಕಟವಾಯಿತು.

"ತಪ್ಪು ತಿಳ್ಕೊಂಡ್ರಿ ಸಂಗವ್ವ. ಅದು ನಿಮ್ಮ ಕೆಲಸ ಸೊನ್ನೆ ಅಂತಲ್ಲ..." ಎಂದು ಶುರುಮಾಡಿದೆ. ದಿಕ್ಕು, ಬಲ, ಮೇಲಕ್ಕೆ, ಮುಂದಕ್ಕೆ ಎಂದು ಏನೇನೋ ಹೇಳಿದೆ. ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ, ಅಲ್ಲಿ ಹೇಳುವಾಗ ಒಂದಕ್ಕೂ ಅರ್ಥವೇ ಇಲ್ಲವೆನಿಸಿತು.

ನೀಲವ್ವ ಹೊರೆ ಇಳಿಸಿ ಬಂದು ಕುಕ್ಕರುಗಾಲಲ್ಲಿ ಕುಳಿತಳು. "ಯವ್ವಾ, ಅದು ಇಟ್ಟಿಗಿ ಲೆಕ್ಕಾ. ಇಟ್ಟಿಗಿ ಎಷ್ಟು ಮ್ಯಾಲಕ್ಕೇರತು ಅಂತ. ನಿನ್ನ ಲೆಕ್ಕಾ ಅಲ್ಲ."

ಸಂಗವ್ವ ನನ್ನ ಕಡೆ ತಿರುಗಿದಳು. "ಹಂಗಾರ ನನ್ನ ಲೆಕ್ಕಾ ಯಾವ ಪಾಠದಾಗ ಐತ್ರಿ ಅಕ್ಕೋರ?"

ಸುಳ್ಳು ಹೇಳುವುದಕ್ಕೆ ಚೀಲದಲ್ಲಿದ್ದ ಕುಂಕುಮ ಅಡ್ಡಬಂತು.

"ನಾನು ಕಲಿಸೋ ಪಾಠದಲ್ಲಿ ಇಲ್ಲ ಸಂಗವ್ವ. ನಿಮ್ಮದು ಮಾತ್ರ ಅಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೂ ಮನೇಲಿ ಕೊಡ ಹೊತ್ತು ತಿರುಗ್ತೀನಲ್ಲ, ನನ್ನದೂ ಅದರಲ್ಲಿ ಇಲ್ಲ."

"ನಿಮಗೂ ಸೊನ್ನೀನ?"

"ನನಗೂ ಸೊನ್ನೆ."

ಆಕಡೆ ತಗಡಿನ ನೆರಳಿನಲ್ಲಿ ಅವಳ ಗಂಡ ಮತ್ತೆ ಮುಕಾದಮ ಕಾಲುಚಾಚಿ ಕುಳಿತು ಚಹಾ ಕುಡಿಯುತ್ತಿದ್ದರು. ಸಂಗವ್ವ ಅತ್ತ ಒಂದು ಸಲ ಕಣ್ಣು ಹಾಯಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕಳಸ್ತೀನ್ರಿ. ಆದ್ರ ಆ ಹೆಣಮಗಳನ್ನ ಅಲ್ಲಿಂದ ತಗೀಬೇಕು."

"ತೆಗೀತೀವಿ. ಅಲ್ಲಿ ಯಾರಾದ್ರೂ ಇರಬೇಕಲ್ಲ. ಯಾರನ್ನಿಡೋಣ?"

"ಗಂಡಸರನ್ನ ಇಡ್ರಿ. ಕೆಲಸ ಸೊನ್ನಿ ಅಂದ್ರ ಅವ್ರಿಗೆ ಬ್ಯಾಸರ ಆಗಂಗಿಲ್ಲ. ರೂಢಿ ಐತಿ."

ನೀಲವ್ವ ಕಿಸಕ್ಕೆಂದಳು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಸಂಗವ್ವ ಮಾತ್ರ ನಗಲಿಲ್ಲ, ಕರಾರು ಕರಾರೇ. ಅವಳ ಹಣೆಗೆ ಕುಂಕುಮವಿಟ್ಟು, ಕಾಯಿ ಉಡಿಗೆ ಹಾಕಿ ಎದ್ದೆ. ಸೋಮವಾರ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ನೀಲವ್ವ ಇದ್ದಳು. ಆ ಗದ್ದಲದಲ್ಲೂ ನಾನು ನಿಂತಲ್ಲೇ ಕೈಮುಗಿದೆ. ಪಕ್ಕದ ಮೀನು ಮಾರುವವಳು ನಿಲ್ದಾಣದ ಪಕ್ಕ ಯಾವ ಗುಡಿ ಬಂತೆಂದು ಕಿಟಕಿಯಾಚೆ ಇಣುಕಿದಳು.

ನಿಮಗೆ ಬುದ್ಧಿ ಹೇಳುವುದು ಎಂದರೆ ಇಷ್ಟೇ ನನಗೆ ಗೊತ್ತಿರುವುದು: ಮನೆಯ ಮಾತನ್ನು ಪಾಠಕ್ಕೆ ತರುವಾಗ, ಅದು ಯಾರ ಮನೆಯಿಂದ ಬಂತು ಎಂದು ನೋಡಿಕೊಳ್ಳಿ. ಆಟ ತಯಾರಾದ ಮೇಲೆ ಅದರೊಳಗೆ ಇರುವವರಿಗೆ ಮೊದಲು ತೋರಿಸಿ, ಆಮೇಲೆ ಊರಿಗೆ. ಜೋರು ಎಂಬ ಮಾತು ಯಾರನ್ನೂ ನೋಯಿಸಲಿಲ್ಲ. ಕೆಲಸ ಎಂಬ ಮಾತು ನೋಯಿಸಿತು.

ಪದ್ಮನಾಭರು ವಿಷಯ ಕೇಳಿ ತಲೆ ಕೆರೆದುಕೊಂಡರು. "ಎಂತ ಟೀಚರ್, ನಾನು ಅಷ್ಟು ಚಂದ ಸೊಂಟ ಬಳುಕಿಸಿದ್ದೆ!" ಎಂದು ಒಂದು ನಿಟ್ಟುಸಿರು ಬಿಟ್ಟು, ಹೊಸ ಆಟ ಬರೆದರು. ಈಗ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಗಂಡಸು ತಲೆಯ ಮೇಲೆ ಟ್ರಂಕು ಹೊತ್ತು ನಡೆಯುತ್ತಿದ್ದ. ಗಂಡಸೆಂದು ಗುರುತು ಸಿಗಲು ತಲೆಗೆ ಏನಾದರೂ ಹಾಕಬೇಕಿತ್ತು. ಚುಕ್ಕಿಗಳಲ್ಲಿ ಸುಲಭವಾಗಿ ಮೂಡುವುದು ಕರಿ ಟೊಪ್ಪಿಗೆ. ಅವನು ನಡೆದ, ಸೊನ್ನೆ ಬಂತು, ಮಕ್ಕಳು ಬೆಂಚು ಬಡಿದು, "ಹೆಡ್‌ಮಾಸ್ತರ್! ಹೆಡ್‌ಮಾಸ್ತರ್!" ಎಂದು ಕೂಗಿದರು. ಸದ್ದು ಕೇಳಿ ದೇಸಾಯಿ ಸರ್ ಬಾಗಿಲಿಗೆ ಬಂದೇಬಿಟ್ಟರು.

ಅವರು ತೆರೆ ನೋಡಿದರು. ಟೊಪ್ಪಿಗೆ ತೆಗೆದು ಅದನ್ನೂ ನೋಡಿದರು. "ಏನ್ರೀ ಅಕ್ಕೋರ, ಟೊಪಗಿ ನಂದ ಅದ ಅಲ್ಲ?"

ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಹಿಂದಿನ ಬೆಂಚಿನಲ್ಲಿದ್ದ ನೀಲವ್ವನನ್ನು ಅವರು ಒಂದು ಗಳಿಗೆ ನೋಡಿದರು.

"ಇರಲಿ ಬಿಡ್ರಿ," ಎಂದರು. "ಮನ್ಯಾಗ ನಮ್ಮಾಕಿನೂ ಇದನ್ನ ಅಂತಾಳ."

ಮಾರ್ಚಿನಲ್ಲಿ ಪರೀಕ್ಷೆ. ಬೇರೊಂದು ಶಾಲೆ ಕೇಂದ್ರವಾಗಿತ್ತು. ವಿಜ್ಞಾನದ ದಿನ ನಾನೂ ಗೇಟಿನ ಹತ್ತಿರ ಹೋಗಿ ನಿಂತಿದ್ದೆ. ಬಿಸಿಲಿನಲ್ಲಿ ತಾಯಂದಿರ ಗುಂಪು. ಅದರಲ್ಲಿ ಹಸಿರು ಸೀರೆ. ಸಂಗವ್ವ ನನ್ನ ಪಕ್ಕಕ್ಕೆ ಬಂದು ನಿಂತಳು. ಇಬ್ಬರೂ ಅವರವರ ದೇವರನ್ನು ನೆನೆಯುತ್ತ ನಿಂತೆವು.

ಗಂಟೆ ಹೊಡೆದು ಮಕ್ಕಳು ಹೊರಗೆ ನುಗ್ಗಿದರು. ನೀಲವ್ವ ಓಡಿಬಂದು ಪ್ರಶ್ನೆಪತ್ರಿಕೆಯನ್ನು ನನ್ನ ಕೈಗೆ ತುರುಕಿದಳು. "ಅಕ್ಕೋರ, ಬಂದಿತ್ರಿ! ಅದ ಬಂದಿತ್ತು!" ನೋಡಿದೆ. ಒಬ್ಬ ಹಮಾಲ ಪ್ಲಾಟ್‌ಫಾರ್ಮಿನ ಮೇಲೆ ತಲೆಯ ಮೇಲೆ ಪೆಟ್ಟಿಗೆ ಹೊತ್ತು ನಡೆದರೆ ಅವನು ಪೆಟ್ಟಿಗೆಯ ಮೇಲೆ ಮಾಡಿದ ಕಾರ್ಯವೆಷ್ಟು? ಕಾರಣ ಕೊಡಿ.

ಸಂಗವ್ವ ನಡುವೆ ಬಂದಳು. "ಏನ ಬರದಿ?"

ನೀಲವ್ವ ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಮುಖ ನೋಡಿದಳು. "ಸೊನ್ನಿ ಅಂತ ಬರದೆ, ಯವ್ವಾ."

ಸಂಗವ್ವ ಮಗಳನ್ನೇ ದಿಟ್ಟಿಸಿದಳು. "ಯಾರ ಹೊತ್ತಿದ್ರು?"

"ಗಂಡಸ."

"ಹಂಗಾರ ಬರೋಬ್ಬರಿ ಐತಿ," ಎಂದಳು ಸಂಗವ್ವ. ತನ್ನ ಸೆರಗಿನಿಂದ ಮಗಳ ಮುಖದ ಬೆವರು ಒರೆಸಿದಳು.